ವಾಸನೆಯಿಂದ ವರದಿಗೆ: ವಿಮಾನದೊಳಗಿನ ಹೊಗೆವಾಸನೆ, ಕ್ಯಾಬಿನ್ ಸಿಬ್ಬಂದಿ ಮತ್ತು ಬಳ್ಳಾರಿ ಸೀಮೆಯ ಪ್ರಯಾಣಿಕ

2016ರ ಸೆಪ್ಟೆಂಬರ್ 23ರಂದು ಸಿಂಗಪುರದಿಂದ ಚೆನ್ನೈಗೆ ಬರುತ್ತಿದ್ದ ಇಂಡಿಗೊ ವಿಮಾನದಲ್ಲಿ ಹೊಗೆಯ ವಾಸನೆಯನ್ನು ಮೊದಲು ಹಿಡಿದವರು ಪ್ರಯಾಣಿಕರು. ಅವರು ಕರೆದು ಹೇಳಿದ ಮೇಲೆ ಕ್ಯಾಬಿನ್ ಸಿಬ್ಬಂದಿ ಹುಡುಕಿ, 23ನೇ ಸಾಲಿನ ಮೇಲಿದ್ದ ಲಗೇಜ್ ಬಿನ್ನಿನಿಂದ ಹೊಗೆ ಬರುತ್ತಿರುವುದನ್ನು ಕಂಡರು. ಪೈಲಟ್‌ಗೆ ತಿಳಿಸಿದರು. ಅಲ್ಲಿದ್ದವರನ್ನು ಎಬ್ಬಿಸಿ ಬೇರೆ ಸೀಟುಗಳಿಗೆ ಕಳಿಸಿದರು. ಚೀಲದೊಳಗಿದ್ದ ಸ್ಯಾಮ್‌ಸಂಗ್ ನೋಟ್ 2 ಫೋನಿನ ಮೇಲೆ ಅಗ್ನಿನಂದಕ ಸಿಂಪಡಿಸಿ, ಅದನ್ನು ಶೌಚಾಲಯದಲ್ಲಿ ನೀರು ತುಂಬಿದ ಪಾತ್ರೆಯಲ್ಲಿ ಮುಳುಗಿಸಿಟ್ಟರು. ವಿಮಾನ ಚೆನ್ನೈಯಲ್ಲಿ ಎಂದಿನಂತೆ ಇಳಿಯಿತು. ಮರುದಿನದ ಸುದ್ದಿಗಳಲ್ಲಿ ಫೋನಿನ ಹೆಸರೇ ದೊಡ್ಡದಾಯಿತು. ನನ್ನ ಆಸಕ್ತಿ ಇರುವುದು ಮೊದಲ ವಾಕ್ಯದಲ್ಲಿ. ಲಗೇಜ್ ಬಿನ್ನಿನಲ್ಲಿ ಹೊಗೆ ಪತ್ತೆ ಮಾಡುವ ಯಂತ್ರ ಇರುವುದಿಲ್ಲ. ಅಲ್ಲಿ ಯಂತ್ರದ ಕೆಲಸ ಮಾಡಿದ್ದು ಮನುಷ್ಯರ ಮೂಗು, ಮತ್ತು ಮೂಗಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳಿದ ಧೈರ್ಯ.

ವಿಮಾನದೊಳಗಿನ ಬೆಂಕಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅಗ್ನಿನಂದಕ, ಉಸಿರಾಟದ ಮುಖವಾಡ, ತುರ್ತು ದ್ವಾರ ಇವುಗಳ ಸುತ್ತ ಬರೆಯುತ್ತಾರೆ. ಈ ಲೇಖನದ ವಾದ ಬೇರೆ. ಹೊಗೆವಾಸನೆಯ ಪ್ರಸಂಗದಲ್ಲಿ ಕ್ಯಾಬಿನ್ ಸಿಬ್ಬಂದಿಯ ಅತಿಮುಖ್ಯ ಕೆಲಸ ಬೆಂಕಿ ಆರಿಸುವುದಲ್ಲ. ಒಬ್ಬರ ಮೂಗಿನಲ್ಲಿ ಮಾತ್ರ ಇರುವ ಅನುಭವವನ್ನು ಕ್ಯಾಪ್ಟನ್ ನಿರ್ಧಾರ ತೆಗೆದುಕೊಳ್ಳಬಹುದಾದ ವರದಿಯನ್ನಾಗಿ ಮಾಡುವುದು. ಈ ಕೆಲಸದಲ್ಲಿ ಪ್ರಯಾಣಿಕ ಸಾಕ್ಷಿದಾರ. ಹಾಗಾದರೆ ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಕಡೆಯಿಂದ ಬಂದು ಸಣ್ಣ ಪ್ರಾದೇಶಿಕ ವಿಮಾನ ಹತ್ತುವವರ ಸಾಕ್ಷ್ಯವನ್ನು ಕೇಳಿಸಿಕೊಳ್ಳಲು ಈಗಿನ ವ್ಯವಸ್ಥೆ ಎಷ್ಟರಮಟ್ಟಿಗೆ ಸಿದ್ಧವಾಗಿದೆ ಎಂಬ ಪ್ರಶ್ನೆ ಏಳುತ್ತದೆ. 1990ರ ಫೆಬ್ರುವರಿ 14ರಂದು ಬೆಂಗಳೂರಿನಲ್ಲಿ 92 ಜನರನ್ನು, 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ತೆಗೆದುಕೊಂಡ ಅಪಘಾತಗಳಲ್ಲಿ ಬೆಂಕಿ ಎದ್ದದ್ದು ವಿಮಾನ ನೆಲಕ್ಕೆ ಅಪ್ಪಳಿಸಿದ ನಂತರ. ಆದ್ದರಿಂದ ಅವು ಈ ಚರ್ಚೆಯ ಹೊರಗೆ ಉಳಿಯುತ್ತವೆ.

ತೋರಣಗಲ್ಲಿನಿಂದ ಹಾರುವವರು

ಬಳ್ಳಾರಿ ಜಿಲ್ಲೆಯ ನಾಗರಿಕ ವಿಮಾನಯಾನ ಇಂದು ನಡೆಯುವುದು ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ, ಉಕ್ಕಿನ ಕಾರ್ಖಾನೆಯ ಪಕ್ಕದ ವಿದ್ಯಾನಗರದಲ್ಲಿರುವ ಜಿಂದಾಲ್ ವಿಜಯನಗರ ವಿಮಾನ ನಿಲ್ದಾಣದಿಂದ. 2017ರಲ್ಲಿ ಉಡಾನ್ ಯೋಜನೆಯಡಿ ಆಗಿನ ಟ್ರೂಜೆಟ್ ಸಂಸ್ಥೆ ಇಲ್ಲಿಗೆ ಎಟಿಆರ್ 72 ವಿಮಾನಗಳನ್ನು ಓಡಿಸತೊಡಗಿದ ಮೇಲೆ ಹೈದರಾಬಾದ್ ಮತ್ತು ಬೆಂಗಳೂರು ಈ ಸೀಮೆಗೆ ಗಂಟೆಯೊಂದರ ದಾರಿಯಾದವು. ಅದಕ್ಕಿಂತ ಮೊದಲು ಕಾರ್ಖಾನೆಯ ಅಧಿಕಾರಿಗಳು, ಗಣಿ ಉದ್ಯಮಿಗಳು ಮಾತ್ರ ಕಾಣಿಸುತ್ತಿದ್ದ ಸಾಲಿನಲ್ಲಿ ಸಿರುಗುಪ್ಪದ ಅಕ್ಕಿ ಗಿರಣಿಯವರು, ಬಳ್ಳಾರಿಯ ಜೀನ್ಸ್ ತಯಾರಕರು, ಹೈದರಾಬಾದಿನ ಆಸ್ಪತ್ರೆಗೆ ಹೊರಟ ಕುರುಗೋಡಿನ ಹಿರಿಯರು ನಿಲ್ಲುವಂತಾಯಿತು. ಇವರಲ್ಲಿ ಅನೇಕರಿಗೆ ಅದು ಮೊದಲ ವಿಮಾನ ಪ್ರಯಾಣ.

ಮೊದಲ ಸಲ ಹಾರುವವರಿಗೆ ದೂರ ಪ್ರಯಾಣದ ಅನುಭವ ಇಲ್ಲವೆಂದಲ್ಲ. ಅದು ಬಸ್ಸು ರೈಲಿನದು. ಬಸ್ಸಿನಲ್ಲಿ ಏನಾದರೂ ಸುಟ್ಟ ವಾಸನೆ ಬಂದರೆ ಹಿಂದಿನ ಸೀಟಿನವರು ಕೂಗುತ್ತಾರೆ, ಕಂಡಕ್ಟರ್ ಸೀಟಿ ಹೊಡೆಯುತ್ತಾನೆ, ಡ್ರೈವರ್ ಪಕ್ಕಕ್ಕೆ ಹಾಕುತ್ತಾನೆ, ಎಲ್ಲರೂ ಇಳಿಯುತ್ತಾರೆ. ಕೂಗು ಮತ್ತು ಇಳಿಯುವುದರ ನಡುವೆ ಬೇರೆ ಹಂತವಿಲ್ಲ. ಇದು ಸಾಧ್ಯವಾಗದ ರಾತ್ರಿಗಳನ್ನೂ ಈ ಪ್ರದೇಶ ಕಂಡಿದೆ. 2013ರ ಡಿಸೆಂಬರ್ 28ರ ಬೆಳಗಿನ ಜಾವ ಬೆಂಗಳೂರಿನಿಂದ ನಾಂದೇಡಕ್ಕೆ ಹೊರಟಿದ್ದ ರೈಲಿನ ಹವಾನಿಯಂತ್ರಿತ ಬೋಗಿಯೊಂದಕ್ಕೆ ಅನಂತಪುರ ಜಿಲ್ಲೆಯ ಕೊತ್ತಚೆರುವು ಬಳಿ ಬೆಂಕಿ ಹತ್ತಿ 26 ಜನ ಸತ್ತರು. ನಿದ್ದೆಯಲ್ಲಿದ್ದವರನ್ನು ಜ್ವಾಲೆಗಿಂತ ಮೊದಲು ಹೊಗೆ ಮುಟ್ಟಿತ್ತು. ಮುಚ್ಚಿದ ಕಿಟಕಿ, ಯಂತ್ರದಿಂದ ಬರುವ ಗಾಳಿ, ಎಚ್ಚರವಿರಬೇಕಾದವರು ದೂರದಲ್ಲಿರುವುದು: ಹವಾನಿಯಂತ್ರಿತ ಬೋಗಿಯ ಈ ಮೂರು ಗುಣಗಳು ವಿಮಾನಕ್ಕೂ ಇವೆ. ವಿಮಾನದಲ್ಲಿ ಮೂರನೆಯದಕ್ಕೆ ಮಾತ್ರ ಪರಿಹಾರವಿದೆ, ಆ ಪರಿಹಾರವೇ ಕ್ಯಾಬಿನ್ ಸಿಬ್ಬಂದಿ. ಊಟ ಕೊಡುವುದು ಅವರ ಕೆಲಸದ ಕಾಣುವ ಭಾಗ. ಕಾನೂನು ಅವರನ್ನು ವಿಮಾನದಲ್ಲಿ ಇರಿಸಿರುವುದು ಸುರಕ್ಷತೆಗಾಗಿ. ಭಾರತದ ನಿಯಮದಂತೆ ಐವತ್ತು ಸೀಟುಗಳವರೆಗಿನ ವಿಮಾನದಲ್ಲಿ ಒಬ್ಬರು, ಐವತ್ತೊಂದರಿಂದ ತೊಂಬತ್ತೊಂಬತ್ತರವರೆಗೆ ಇಬ್ಬರು ಇರಲೇಬೇಕು. ಎಪ್ಪತ್ತರ ಆಸುಪಾಸಿನ ಸೀಟುಗಳ ಎಟಿಆರ್ 72 ಎರಡನೆಯ ಗುಂಪಿಗೆ ಸೇರುತ್ತದೆ.

ವಾಸನೆ ಎಲ್ಲಿಂದ ಬರುತ್ತದೆ

ವಿಮಾನದಲ್ಲಿ ಸುಟ್ಟ ವಾಸನೆಗೆ ಹತ್ತಾರು ಮೂಲಗಳಿವೆ. ಹೆಚ್ಚಿನವು ಅಪಾಯಕಾರಿಯಲ್ಲ ಎಂಬುದೇ ಈ ವಿಷಯದ ದೊಡ್ಡ ತೊಡಕು. ಓವನ್ನಿನಲ್ಲಿ ಉಳಿದ ಊಟದ ಚೂರು ಸೀದಿರಬಹುದು. ಶೌಚಾಲಯದಲ್ಲಿ ಯಾರೋ ಕದ್ದು ಬೀಡಿ ಹಚ್ಚಿರಬಹುದು. ಅದಕ್ಕೆಂದೇ ಅಲ್ಲಿ ಹೊಗೆಪತ್ತೆ ಯಂತ್ರವಿರುತ್ತದೆ, ಕಸದ ಡಬ್ಬಿಯೊಳಗೆ ತಾನಾಗಿ ಸಿಡಿಯುವ ಅಗ್ನಿನಂದಕವೂ ಇರುತ್ತದೆ. ಸೀಟಿನ ಸಂದಿಯಲ್ಲಿ ಬಿದ್ದು ನಲುಗಿದ ಫೋನು, ಚೀಲದೊಳಗಿನ ಪವರ್ ಬ್ಯಾಂಕ್, ಕೆಟ್ಟ ರೀಡಿಂಗ್ ಲೈಟು, ಗೋಡೆಯ ಹಿಂದೆ ಉಜ್ಜಿ ಹೊದಿಕೆ ಕಳಚಿದ ವೈರು, ಎಂಜಿನ್ನಿನಿಂದ ಬರುವ ಗಾಳಿಯ ಜೊತೆ ಸೇರಿದ ಎಣ್ಣೆ, ಎಲ್ಲವೂ ಮೊದಲ ನಿಮಿಷದಲ್ಲಿ ಮೂಗಿಗೆ ಹೆಚ್ಚುಕಡಿಮೆ ಒಂದೇ ಸುದ್ದಿ ಹೇಳುತ್ತವೆ.

ಕೊನೆಯ ಮೂಲವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬಹುತೇಕ ವಿಮಾನಗಳಲ್ಲಿ ಪ್ರಯಾಣಿಕರು ಉಸಿರಾಡುವ ಗಾಳಿಯನ್ನು ಎಂಜಿನ್ನಿನ ಕಂಪ್ರೆಸರ್ ಭಾಗದಿಂದಲೇ ತೆಗೆದು, ತಣಿಸಿ, ಒಳಗೆ ಬಿಡುತ್ತಾರೆ. ಅಲ್ಲಿ ಎಣ್ಣೆ ಸೋರಿದರೆ ಬೆಂಕಿಯೇ ಇಲ್ಲದೆ ಒಳಗೆ ಹೊಗೆ ತುಂಬಬಹುದು. 2022ರ ಅಕ್ಟೋಬರ್ 12ರ ರಾತ್ರಿ ಗೋವಾದಿಂದ ಹೈದರಾಬಾದಿಗೆ ಹೊರಟ ಸ್ಪೈಸ್‌ಜೆಟ್ ಕ್ಯೂ400 ವಿಮಾನದಲ್ಲಿ ಕ್ಯಾಬಿನ್ನಿನಲ್ಲೂ ಕಾಕ್‌ಪಿಟ್‌ನಲ್ಲೂ ಹೊಗೆ ಕಾಣಿಸಿಕೊಂಡಿತು. ಉತ್ತರ ಕರ್ನಾಟಕವನ್ನು ಅಡ್ಡಹಾಯುವ ಮಾರ್ಗವದು. ಎಂಬತ್ತಕ್ಕೂ ಹೆಚ್ಚು ಪ್ರಯಾಣಿಕರಿದ್ದ ಆ ವಿಮಾನ ಹೈದರಾಬಾದಿನಲ್ಲಿ ಸುರಕ್ಷಿತವಾಗಿ ಇಳಿಯಿತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ತನಿಖೆಯಲ್ಲಿ ಎಂಜಿನ್ನಿನ ಗಾಳಿ ಹೊರಬಿಡುವ ಕವಾಟದಲ್ಲಿ ಎಣ್ಣೆಯ ಗುರುತು ಸಿಕ್ಕಿತು. ಆ ಎಣ್ಣೆ ಹವಾನಿಯಂತ್ರಣ ವ್ಯವಸ್ಥೆಗೆ ಸೇರಿ ಹೊಗೆಯಾಗಿತ್ತು. ಸ್ಪೈಸ್‌ಜೆಟ್‌ನ ಎಲ್ಲ ಕ್ಯೂ400 ವಿಮಾನಗಳ ಎಂಜಿನ್ ಎಣ್ಣೆಯ ಮಾದರಿಯನ್ನು 15 ದಿನಗಳಿಗೊಮ್ಮೆ ತಯಾರಕರಾದ ಪ್ರ್ಯಾಟ್ ಅಂಡ್ ವಿಟ್ನಿ ಕೆನಡಾಕ್ಕೆ ಕಳಿಸಿ ಪರೀಕ್ಷಿಸಬೇಕೆಂದು ಆದೇಶವಾಯಿತು. ಎಟಿಆರ್ 72 ಬೇರೆ ಕಂಪನಿಯ ವಿಮಾನವಾದರೂ ಅದರ ಎಂಜಿನ್ನೂ ಅದೇ ತಯಾರಕರದು, ಗಾಳಿ ತೆಗೆಯುವ ಕ್ರಮವೂ ಅದೇ.

ಎಟಿಆರ್‌ನ ಇನ್ನೊಂದು ವಿಶೇಷ ನಮ್ಮ ಚರ್ಚೆಗೆ ಬೇಕು. ಅದರ ಬಾಲದಲ್ಲಿ ಪ್ರತ್ಯೇಕ ಸಹಾಯಕ ಎಂಜಿನ್ ಇಲ್ಲ. ನೆಲದಲ್ಲಿ ನಿಂತಿರುವಾಗ ಬಲಬದಿಯ ಎಂಜಿನ್ನನ್ನೇ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ ಓಡಿಸುತ್ತಾ ವಿದ್ಯುತ್ತು, ತಂಪು ಗಾಳಿ ಪಡೆಯುತ್ತಾರೆ. ಪ್ರಯಾಣಿಕರು ಹತ್ತುವುದು ಎಡಬದಿಯ ಹಿಂಬಾಗಿಲಿನಿಂದ. ಗಾಳಿಯ ದಿಕ್ಕು ಅನುಕೂಲವಾಗಿಲ್ಲದ ದಿನ ಸುಟ್ಟ ಇಂಧನದ ವಾಸನೆ ಬಾಗಿಲಿನಿಂದ ಒಳಗೆ ಬರುವುದು ಸಹಜ. ಇದರ ಜೊತೆಗೆ ಉಕ್ಕಿನ ಕಾರ್ಖಾನೆಯ ನೆರೆ. ನವೆಂಬರ್, ಡಿಸೆಂಬರ್‌ನಲ್ಲಿ ತುಂಗಭದ್ರಾ ಕಾಲುವೆಯ ಕೆಳಗಿನ ನೆಲ್ಲು ಕೊಯ್ಲಾದ ಮೇಲೆ ಗದ್ದೆಯ ಹುಲ್ಲಿಗೆ ಬೆಂಕಿ ಇಡುವವರೂ ಇದ್ದಾರೆ. ತಗ್ಗಿ ಹಾರುವ ವಿಮಾನ ಆ ಹೊಗೆಯ ಪದರವನ್ನು ಹಾಯ್ದರೆ ಎಂಜಿನ್ ಅದನ್ನೂ ಒಳಗೆ ಎಳೆದುಕೊಳ್ಳುತ್ತದೆ. ಹೀಗಾಗಿ ಈ ನಿಲ್ದಾಣದಲ್ಲಿ ಹತ್ತಿದವರು ವಿಮಾನ ಏರುವ ಮೊದಲೇ ಸುಟ್ಟ ವಾಸನೆಗೆ ಒಗ್ಗಿಹೋಗಿರುವ ಸಾಧ್ಯತೆ ಇದೆ. ಮೂಗು ಒಂದು ವಾಸನೆಗೆ ಕೆಲವೇ ನಿಮಿಷಗಳಲ್ಲಿ ಒಗ್ಗುತ್ತದೆ ಎಂಬುದು ಶರೀರಶಾಸ್ತ್ರದ ಸಾಮಾನ್ಯ ಪಾಠ. ಸಿಬ್ಬಂದಿಯ ಮೂಗೂ ಇದಕ್ಕೆ ಹೊರತಲ್ಲ. ಆದ್ದರಿಂದಲೇ ವಾಸನೆ ಇದೆ ಎಂಬುದಕ್ಕಿಂತ ಅದು ಯಾವಾಗ ಶುರುವಾಯಿತು, ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ಪ್ರಶ್ನೆಗೆ ಬೆಲೆ ಹೆಚ್ಚು. ಅದಕ್ಕೆ ಉತ್ತರ ಕೊಡಬಲ್ಲವರು ಒಂದೇ ಜಾಗದಲ್ಲಿ ಕುಳಿತಿರುವ ಪ್ರಯಾಣಿಕರು. ಓಡಾಡುವ ಸಿಬ್ಬಂದಿಗೆ ಅದು ಕಷ್ಟ.

ಜಾಗವೂ ಸಾಕ್ಷ್ಯವೇ. ಕ್ಯಾಬಿನ್ನಿನಲ್ಲಿ ಗಾಳಿ ಮೇಲಿನಿಂದ ಇಳಿದು ಕಾಲಬಳಿಯ ಜಾಲರಿಗಳಿಂದ ಹೊರಹೋಗುವಂತೆ ಏರ್ಪಾಡಿರುತ್ತದೆ. ಮುಂದಿನಿಂದ ಹಿಂದಕ್ಕೆ ಅದು ಹೆಚ್ಚು ಹರಿದಾಡುವುದಿಲ್ಲ. ಒಂದೆರಡು ಸಾಲಿನಲ್ಲಿ ಮಾತ್ರ ವಾಸನೆ ಇದ್ದರೆ ಮೂಲ ಅಲ್ಲೇ ಹತ್ತಿರವಿದೆಯೆಂದೂ, ಎಲ್ಲ ಸಾಲಿನವರಿಗೂ ಒಟ್ಟಿಗೆ ಬಂದರೆ ಅದು ಗಾಳಿಯ ಕೊಳವೆಯಲ್ಲೇ ಬರುತ್ತಿದೆಯೆಂದೂ ಶಂಕಿಸಬಹುದು. 2022ರ ಜುಲೈನಲ್ಲಿ ಕೋಯಿಕ್ಕೋಡಿನಿಂದ ದುಬೈಗೆ ಹೊರಟಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವನ್ನು ಮಸ್ಕತ್ತಿಗೆ ತಿರುಗಿಸಿದ್ದು ಮುಂದಿನ ಅಡುಗೆ ಕಟ್ಟೆಯ ಒಂದು ಗಾಳಿಕಿಂಡಿಯಿಂದ ಸುಟ್ಟ ವಾಸನೆ ಬರುತ್ತಿದೆ ಎಂಬ ಕಾರಣಕ್ಕೆ. ಕಣ್ಣಿಗೆ ಕಾಣುವ ಹೊಗೆ ಇರಲಿಲ್ಲ. ಕಿಂಡಿ ಇಂಥದ್ದೇ ಎಂದು ಗುರುತಿಸಿದ್ದರಿಂದ ವಾಸನೆಗೆ ವಿಳಾಸ ಸಿಕ್ಕಿತು.

ಸರಪಳಿ ಕಡಿದ ಪ್ರಸಂಗಗಳು

ಸಿಬ್ಬಂದಿಯ ತರಬೇತಿಯಲ್ಲಿ ಹೊಗೆ, ಬೆಂಕಿಗೆ ಮೂರು ಪಾತ್ರಗಳನ್ನು ಕಲಿಸುತ್ತಾರೆ. ಮೂಲವನ್ನು ಕಂಡವರು ಬೆಂಕಿ ಆರಿಸಲು ನಿಲ್ಲುತ್ತಾರೆ, ಎರಡನೆಯವರು ಇಂಟರ್‌ಕಾಂ ಹಿಡಿದು ಕಾಕ್‌ಪಿಟ್‌ಗೆ ಹೇಳುತ್ತಾರೆ, ಮೂರನೆಯವರು ಇನ್ನಷ್ಟು ಅಗ್ನಿನಂದಕ, ಮುಖವಾಡ ತಂದುಕೊಡುತ್ತಾ ಪ್ರಯಾಣಿಕರನ್ನು ಸರಿಸುತ್ತಾರೆ. ಇತಿಹಾಸವನ್ನು ನೋಡಿದರೆ ಹೆಚ್ಚು ಹಾನಿಯಾಗಿರುವುದು ಎರಡನೆಯ ಪಾತ್ರ ಸೋತಲ್ಲಿ, ಅಂದರೆ ಪ್ರಯಾಣಿಕರಿಂದ ಕಾಕ್‌ಪಿಟ್‌ಗೆ ಸುದ್ದಿ ಸಾಗುವ ಸರಪಳಿ ಕಡಿದಲ್ಲಿ.

1983ರ ಜೂನ್ 2ರಂದು ಡಲ್ಲಾಸ್‌ನಿಂದ ಟೊರಾಂಟೊಗೆ ಹೊರಟಿದ್ದ ಏರ್ ಕೆನಡಾ 797ರಲ್ಲಿಯೂ ಮೊದಲು ಮಾತಾಡಿದವರು ಪ್ರಯಾಣಿಕರೇ. ಹಿಂದಿನ ಸಾಲಿನಲ್ಲಿದ್ದವರೊಬ್ಬರು ಏನೋ ವಿಚಿತ್ರ ವಾಸನೆ ಎಂದು ಹೇಳಿದರು. ಸಿಬ್ಬಂದಿ ಹಿಂಬದಿಯ ಶೌಚಾಲಯದ ಬಾಗಿಲು ತೆರೆದಾಗ ತೆಳು ಬೂದುಬಣ್ಣದ ಹೊಗೆ ಇತ್ತು, ಜ್ವಾಲೆ ಕಾಣಲಿಲ್ಲ. ಅಗ್ನಿನಂದಕ ಸಿಂಪಡಿಸಿದರು, ಪ್ರಯಾಣಿಕರನ್ನು ಮುಂದಕ್ಕೆ ಕಳಿಸಿದರು, ಒದ್ದೆ ಬಟ್ಟೆ ಕೊಟ್ಟರು. ಇಷ್ಟೂ ಸರಿಯಾಗಿಯೇ ನಡೆಯಿತು. ಆದರೆ ಈ ನಡುವೆ ಕಾಕ್‌ಪಿಟ್‌ಗೆ ಹೋದ ಸುದ್ದಿ, ಹೊಗೆ ತಗ್ಗುತ್ತಿದೆ ಎಂಬರ್ಥದ್ದು. ತಗ್ಗಿದ್ದು ಕಾಣುವ ಹೊಗೆ. ಗೋಡೆಯ ಹಿಂದಿನ ಬೆಂಕಿಯಲ್ಲ. ಸಹಪೈಲಟ್ ಎರಡನೆಯ ಸಲ ಹಿಂದೆ ಹೋಗಿ ಬಾಗಿಲು ಮುಟ್ಟಿದಾಗ ಅದು ಬಿಸಿಯಾಗಿತ್ತು. ಅವರು ತೆರೆಯಲಿಲ್ಲ, ಹಿಂತಿರುಗಿ ಕೂಡಲೇ ಇಳಿಸಬೇಕೆಂದರು. ವಿಮಾನ ಸಿನ್ಸಿನಾಟಿಯಲ್ಲಿ ಇಳಿಯಿತು. ಬಾಗಿಲುಗಳು ತೆರೆದ 60ರಿಂದ 90 ಸೆಕೆಂಡಿನೊಳಗೆ ಹೊಸ ಗಾಳಿ ಸಿಕ್ಕ ಬೆಂಕಿ ಇಡೀ ಕ್ಯಾಬಿನ್ನನ್ನು ಒಮ್ಮೆಲೇ ಆವರಿಸಿತು. ಒಳಗಿದ್ದ 46 ಜನರಲ್ಲಿ 23 ಮಂದಿ ಸತ್ತರು. ಬೆಂಕಿಯ ತೀವ್ರತೆಯನ್ನು ಕಡಿಮೆ ಅಂದಾಜಿಸಿದ್ದನ್ನೂ ಕ್ಯಾಪ್ಟನ್‌ಗೆ ಸಿಕ್ಕ ಮಾಹಿತಿ ಒಂದಕ್ಕೊಂದು ತಾಳೆಯಾಗದಿದ್ದುದನ್ನೂ ಅಮೆರಿಕದ ತನಿಖಾ ಮಂಡಳಿ ಕಾರಣಗಳಲ್ಲಿ ಸೇರಿಸಿತು. ಶೌಚಾಲಯದ ಹೊಗೆಪತ್ತೆ ಯಂತ್ರ, ಬೆಂಕಿ ತಡೆಯುವ ಸೀಟಿನ ಹೊದಿಕೆ, ಹೊಗೆಯಲ್ಲೂ ಕಾಣುವಂತೆ ನೆಲಮಟ್ಟದಲ್ಲಿ ಉರಿಯುವ ದಾರಿದೀಪ ಇವು ಕಡ್ಡಾಯವಾಗಲು ಈ ದುರಂತವೇ ಮುಖ್ಯ ಪ್ರೇರಣೆ.

ಎರಡನೆಯದು 1989ರ ಜನವರಿ 8ರ ಕೆಗ್‌ವರ್ತ್ ಅಪಘಾತ. ಲಂಡನ್ನಿನಿಂದ ಬೆಲ್‌ಫಾಸ್ಟಿಗೆ ಹೊರಟ ಬೋಯಿಂಗ್ 737ರ ಎಡ ಎಂಜಿನ್ ಕೆಟ್ಟು ನಡುಕ, ಹೊಗೆ, ವಾಸನೆ ಬಂದವು. ಗಾಳಿ ಎತ್ತಲಿಂದ ಬರುತ್ತದೆ ಎಂಬ ಹಳೆಯ ತಿಳಿವಳಿಕೆಯ ಬಲದಿಂದ ಬಲ ಎಂಜಿನ್ ಕೆಟ್ಟಿದೆಯೆಂದು ತಿಳಿದ ಪೈಲಟ್‌ಗಳು ಸರಿಯಿದ್ದ ಎಂಜಿನ್ನನ್ನೇ ನಿಲ್ಲಿಸಿದರು. ಕಾಕತಾಳೀಯವಾಗಿ ವಾಸನೆ ತಗ್ಗಿತು, ನಂಬಿಕೆ ಗಟ್ಟಿಯಾಯಿತು. ಬಲಬದಿಯ ಎಂಜಿನ್ನಿನ ತೊಂದರೆ ಎಂದು ಕ್ಯಾಪ್ಟನ್ ಘೋಷಿಸಿದಾಗ, ಎಡಬದಿಯಲ್ಲಿ ಬೆಂಕಿಯನ್ನು ಕಣ್ಣಾರೆ ಕಂಡಿದ್ದ ಪ್ರಯಾಣಿಕರಿದ್ದರು, ಸಿಬ್ಬಂದಿಯಲ್ಲೂ ಕಂಡವರಿದ್ದರು. ಯಾರೂ ಹೇಳಲಿಲ್ಲ. 126 ಜನರಲ್ಲಿ 47 ಮಂದಿ ಸತ್ತರು. ಅಷ್ಟು ಓದಿದ, ಇಂಗ್ಲಿಷ್ ಮನೆಮಾತಾಗಿದ್ದ, ವಿಮಾನಪ್ರಯಾಣ ಹೊಸದಲ್ಲದ ಜನರೂ ‘ಅವರಿಗೆ ಗೊತ್ತಿರುತ್ತದೆ ಬಿಡು’ ಎಂದುಕೊಂಡು ಸುಮ್ಮನಿದ್ದರು ಎಂಬುದನ್ನು ಗಮನಿಸಬೇಕು. ಮೌನಕ್ಕೆ ಅನಕ್ಷರತೆಯೋ ಹಳ್ಳಿತನವೋ ಕಾರಣವಲ್ಲ. ಅಧಿಕಾರದಲ್ಲಿ ಇರುವವರಿಗೆ ಎಲ್ಲ ತಿಳಿದಿದೆ ಎಂಬ ಊಹೆಯೇ ಕಾರಣ. ಆ ಊಹೆಯ ಮೇಲೆ ಭಾಷೆಯ ಅಂಜಿಕೆಯೂ ಸೇರಿದರೆ ಏನಾದೀತೆಂಬುದು ನಮ್ಮ ಸೀಮೆಯ ಪ್ರಶ್ನೆ.

1998ರ ಸೆಪ್ಟೆಂಬರ್ 2ರ ಸ್ವಿಸ್‌ಏರ್ 111ರಲ್ಲಿ ಸರಪಳಿ ಕಡಿಯಲಿಲ್ಲ, ಸಮಯವೇ ಇರಲಿಲ್ಲ. ಕಾಕ್‌ಪಿಟ್‌ನಲ್ಲಿ ವಾಸನೆ ಬಂದಾಗ ಪೈಲಟ್‌ಗಳು ಸಿಬ್ಬಂದಿಯೊಬ್ಬರನ್ನು ಕರೆಸಿ ಕೇಳಿದರು. ಇಲ್ಲಿ ವಾಸನೆ ಇದೆ, ಕ್ಯಾಬಿನ್ನಿನಲ್ಲಿ ಗಮನಿಸಿಲ್ಲ ಎಂದು ಅವರು ಉತ್ತರಿಸಿದರು. ಆ ಉತ್ತರದಲ್ಲಿ ಬೆಂಕಿಯ ಜಾಗದ ಸುಳಿವು ಇತ್ತು. ಆದರೂ ಪೈಲಟ್‌ಗಳು ಅದನ್ನು ಹವಾನಿಯಂತ್ರಣದ ವಾಸನೆಯೆಂದೇ ತಿಳಿದರು. ಮೊದಲ ವಾಸನೆಯಿಂದ ವಿಮಾನ ಕಡಲಿಗೆ ಬೀಳುವವರೆಗೆ ಸುಮಾರು 21 ನಿಮಿಷ. 229 ಜನರೂ ಸತ್ತರು. ಈ 21 ನಿಮಿಷದ ಲೆಕ್ಕ ಇಂದಿನ ಎಲ್ಲ ತರಬೇತಿಯ ಹಿಂದೆ ಇದೆ. ಮೂಲ ತಿಳಿಯದ ಹೊಗೆಗೆ ಹತ್ತಿರದ ನಿಲ್ದಾಣದಲ್ಲಿ ಇಳಿಯುವುದೇ ಉತ್ತರ, ಹುಡುಕಾಟವನ್ನು ಇಳಿಯುತ್ತಲೇ ಮಾಡಬೇಕು ಎಂಬ ನೀತಿ ಬಲಗೊಂಡದ್ದು ಅಲ್ಲಿಂದ.

ಇಬ್ಬರು ಸಿಬ್ಬಂದಿ, ಮೂರು ಪಾತ್ರ

ದೊಡ್ಡ ವಿಮಾನದ ಈ ಪಾಠವನ್ನು ಎಟಿಆರ್‌ಗೆ ತಂದರೆ ಲೆಕ್ಕ ಕೂಡುವುದಿಲ್ಲ. ಪಾತ್ರಗಳು ಮೂರು, ಜನ ಇಬ್ಬರು. ಸಾಮಾನ್ಯ ವಿನ್ಯಾಸದಲ್ಲಿ ಅಡುಗೆ ಕಟ್ಟೆ, ಶೌಚಾಲಯ, ಬಾಗಿಲು ಎಲ್ಲವೂ ಹಿಂಬದಿಯಲ್ಲಿ. ಕಾಕ್‌ಪಿಟ್‌ಗೂ ಮೊದಲ ಸಾಲಿಗೂ ನಡುವೆ ಸರಕಿನ ಜಾಗ. ಹಿಂದೆ ಹೊಗೆ ಕಂಡು ಒಬ್ಬರು ಮುಖವಾಡ ತೊಟ್ಟು ನಿಂತರೆ, ಇನ್ನೊಬ್ಬರು ಇಂಟರ್‌ಕಾಂ ಹಿಡಿಯಬೇಕು. ಆಗ ಸಾಲುಗಳಲ್ಲಿ ಕುಳಿತ ಎಪ್ಪತ್ತು ಜನರ ಮುಂದೆ ಯಾರೂ ಇರುವುದಿಲ್ಲ. ಆ ಮುಖವಾಡ ಉಸಿರು ಕೊಡುವುದು ಸುಮಾರು 15 ನಿಮಿಷ. ಅದರೊಳಗಿನಿಂದ ಮಾತು ಸ್ಪಷ್ಟವಾಗಿ ಕೇಳುವುದಿಲ್ಲ.

ಅತ್ತ ಕಾಕ್‌ಪಿಟ್‌ನಲ್ಲಿ ಇನ್ನೊಂದು ಬದಲಾವಣೆಯಾಗಿರುತ್ತದೆ. ಹೊಗೆಯ ಸುದ್ದಿ ಬಂದ ಕೂಡಲೇ ಪೈಲಟ್‌ಗಳು ತಮ್ಮ ಆಮ್ಲಜನಕದ ಮುಖವಾಡ ಹಾಕಿಕೊಳ್ಳುತ್ತಾರೆ. ಅದು ಸರಿಯಾದ ಕ್ರಮ. ಆದರೆ ಆ ಕ್ಷಣದಿಂದ ಅವರ ಮೂಗಿಗೆ ಕ್ಯಾಬಿನ್ನಿನ ಗಾಳಿ ತಾಕುವುದಿಲ್ಲ. ವಾಸನೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದಕ್ಕೆ ಅವರು ಪೂರ್ತಿ ಕ್ಯಾಬಿನ್ ಸಿಬ್ಬಂದಿಯನ್ನೇ ನಂಬಬೇಕು. ಬಾಗಿಲು ಬೀಗ ಹಾಕಿರುತ್ತದೆ. ಉಳಿಯುವುದು ಒಂದು ತಂತಿ, ಅದರ ಎರಡೂ ತುದಿಯಲ್ಲಿ ಮುಖವಾಡ ತೊಟ್ಟ ಜನ. ಇಂಥ ತಂತಿಯ ಮೇಲೆ ಹೋಗುವ ವಾಕ್ಯ ಚಿಕ್ಕದಾಗಿರಬೇಕು, ತುಂಬಿರಬೇಕು: ಎಲ್ಲಿ, ಯಾವ ಬಣ್ಣ, ಎಷ್ಟು ದಟ್ಟ, ಯಾವ ಥರದ ವಾಸನೆ, ಏನು ಮಾಡಿದೆವು, ಆಮೇಲೆ ಏನಾಯಿತು. ‘ಸ್ವಲ್ಪ’, ‘ಪರವಾಗಿಲ್ಲ’ ಎಂಬ ಮಾತುಗಳಿಗೆ ಅಲ್ಲಿ ಜಾಗವಿಲ್ಲ. ಏರ್ ಕೆನಡಾ 797ರಲ್ಲಿ ಅಮೂಲ್ಯ ನಿಮಿಷಗಳನ್ನು ಕಳೆದದ್ದು ಅಂಥ ಸಮಾಧಾನದ ಮಾತೇ.

ಮೂರನೆಯ ಪಾತ್ರಕ್ಕೆ ಎಟಿಆರ್‌ನಂಥ ವಿಮಾನದಲ್ಲಿ ಪ್ರಯಾಣಿಕರನ್ನೇ ಕರೆಯಬೇಕಾಗುತ್ತದೆ. ಗಟ್ಟಿಮುಟ್ಟಾದವರನ್ನು ಆರಿಸಿ ಬಾಗಿಲ ಬಳಿ ಕೂರಿಸುವುದು, ಕೆಲಸ ಹೇಳಿಕೊಡುವುದು ಸಿಬ್ಬಂದಿಯ ಪಾಠದಲ್ಲೇ ಇದೆ. ಹೊಗೆ ಇರುವ ಸಾಲಿನಿಂದ ಜನರನ್ನು ಸರಿಸುವುದು, ತಲೆ ತಗ್ಗಿಸಿ ಒದ್ದೆ ಬಟ್ಟೆ ಮೂಗಿಗೆ ಹಿಡಿದು ಉಸಿರಾಡಲು ಹೇಳುವುದು, ಮಕ್ಕಳನ್ನು ನೋಡಿಕೊಳ್ಳುವುದು ಪ್ರಯಾಣಿಕರು ಮಾಡಬಲ್ಲ ಕೆಲಸ. ಇಲ್ಲೊಂದು ತಪ್ಪು ತಿಳಿವಳಿಕೆಯನ್ನೂ ಹೇಳಬೇಕು. ಮೇಲಿನಿಂದ ಇಳಿಬೀಳುವ ಹಳದಿ ಮುಖವಾಡ ಹೊಗೆಗಾಗಿ ಇರುವುದಲ್ಲ. ಅದು ಕ್ಯಾಬಿನ್ನಿನ ಒತ್ತಡ ಕುಸಿದಾಗ ಬೇಕಾದದ್ದು. ಅದರಲ್ಲಿ ಆಮ್ಲಜನಕದ ಜೊತೆ ಸುತ್ತಲಿನ ಗಾಳಿಯೂ ಬೆರೆಯುತ್ತದೆ, ಅಂದರೆ ಹೊಗೆಯೂ ಬೆರೆಯುತ್ತದೆ. ಹೊಗೆಯಲ್ಲಿ ಸಿಬ್ಬಂದಿ ಅದನ್ನು ಯಾಕೆ ಇಳಿಸಲಿಲ್ಲ ಎಂದು ಜಗಳವಾಡುವ ಪ್ರಯಾಣಿಕನಿಗೆ ಈ ಒಂದು ಮಾತು ಮೊದಲೇ ತಿಳಿದಿದ್ದರೆ ಇಬ್ಬರ ಸಮಯವೂ ಉಳಿಯುತ್ತದೆ.

ಲಿಥಿಯಂ ಬ್ಯಾಟರಿಯ ಬಗೆಗೂ ಒಂದೆರಡು ಮಾತು. ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಸರಕಿಗೆ ಹಾಕಕೂಡದು ಎಂಬ ನಿಯಮದ ತಿರುಳು ಇದೇ: ಹೊತ್ತಿಕೊಂಡರೆ ಮನುಷ್ಯರ ಮೂಗಿಗೂ ಕೈಗೂ ಎಟುಕುವ ಜಾಗದಲ್ಲಿ ಹೊತ್ತಿಕೊಳ್ಳಲಿ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬೂಸಾನಿನಲ್ಲಿ ಹೊರಡಲು ನಿಂತಿದ್ದ ಏರ್ ಬೂಸಾನ್ ವಿಮಾನದ ಲಗೇಜ್ ಬಿನ್ನಿನಲ್ಲಿ ಬೆಂಕಿ ಎದ್ದು ವಿಮಾನ ಸುಟ್ಟುಹೋಯಿತು. ಒಳಗಿದ್ದ 176 ಜನರೂ ಪಾರಾದರು, ವಿಮಾನ ನೆಲದಲ್ಲಿದ್ದುದು ಅವರ ಪುಣ್ಯ. ಅಗ್ನಿನಂದಕದಲ್ಲಿರುವ ಹ್ಯಾಲಾನ್ ಸಿಂಪಡಿಸಿದರೆ ಜ್ವಾಲೆ ಆರುತ್ತದೆ, ಆದರೆ ಬ್ಯಾಟರಿಯ ಕೋಶದೊಳಗಿನ ಶಾಖ ಆರುವುದಿಲ್ಲ. ಅದಕ್ಕೆ ನೀರೇ ಬೇಕು. 2016ರಲ್ಲಿ ಇಂಡಿಗೊ ಸಿಬ್ಬಂದಿ ಫೋನನ್ನು ನೀರಿನಲ್ಲಿ ಮುಳುಗಿಸಿದ್ದರ ಹಿಂದೆ ಈ ತಿಳಿವು ಇತ್ತು.

ಕಾಯಿಲ್ ಸುಟ್ಟ ವಾಸನೆ ಬಲ್ಲವರು

ಈಗ ಸಾಕ್ಷಿದಾರರ ಕಡೆಗೆ ಬರುತ್ತೇನೆ. ಮೊದಲ ಸಲ ಹಾರುವ ರೈತ ವಿಮಾನದ ಭದ್ರತೆಗೆ ದುರ್ಬಲ ಕೊಂಡಿ ಎಂಬ ಭಾವನೆ ಈ ಕ್ಷೇತ್ರದಲ್ಲಿ ಸಾಮಾನ್ಯ. ಬೆಲ್ಟ್ ಹಾಕಿಕೊಳ್ಳಲು ಬರುವುದಿಲ್ಲ, ಘೋಷಣೆ ಅರ್ಥವಾಗುವುದಿಲ್ಲ, ಆದ್ದರಿಂದ ಅವರನ್ನು ನೋಡಿಕೊಳ್ಳಬೇಕು ಎಂಬ ಧಾಟಿ. ವಾಸನೆಯ ವಿಚಾರದಲ್ಲಿ ಈ ಭಾವನೆ ಪೂರ್ತಿ ತಲೆಕೆಳಗು ಎಂದು ನಾನು ವಾದಿಸುತ್ತೇನೆ.

ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆ, ಹಗರಿಗಳಿಂದ ನೀರೆತ್ತುವ ರೈತನ ಬದುಕು ಪಂಪ್‌ಸೆಟ್ಟಿಗೆ ಕಟ್ಟಿಕೊಂಡಿದೆ. ವೋಲ್ಟೇಜ್ ಬಿದ್ದ ರಾತ್ರಿ ಮೋಟಾರ್ ಬಿಸಿಯಾಗಿ ವೈಂಡಿಂಗ್ ಸುಡುವುದು ಅವನಿಗೆ ಹೊಸತಲ್ಲ. ‘ಕಾಯಿಲ್ ಸುಟ್ಟ ವಾಸನಿ’ ಎಂದು ಅವನು ಹೇಳಿದರೆ ಅದರ ಅರ್ಥ ತಾಮ್ರದ ತಂತಿಯ ಮೇಲಿನ ವಾರ್ನಿಷ್ ಕರಗುತ್ತಿರುವ ವಾಸನೆ; ಬೆಂಕಿ ಕಾಣುವ ಎಷ್ಟೋ ಹೊತ್ತು ಮೊದಲೇ ಅವನು ಅದನ್ನು ಹಿಡಿಯುತ್ತಾನೆ, ಓಡಿಹೋಗಿ ಸ್ಟಾರ್ಟರ್ ಇಳಿಸುತ್ತಾನೆ. ಅಕ್ಕಿ ಗಿರಣಿಯಲ್ಲಿ ದುಡಿದವನಿಗೆ ಬೆಲ್ಟ್ ಜಾರಿ ರಬ್ಬರ್ ಸುಡುವುದಕ್ಕೂ ಬಾಯ್ಲರಿನ ಹೊಟ್ಟು ಉರಿಯುವುದಕ್ಕೂ ವ್ಯತ್ಯಾಸ ಗೊತ್ತು. ಬಳ್ಳಾರಿಯ ಜೀನ್ಸ್ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುವವರಿಗೆ ಬಟ್ಟೆ ಸೀಯುವುದಕ್ಕೂ ಪ್ಲಗ್ಗು ಕರಗುವುದಕ್ಕೂ ವ್ಯತ್ಯಾಸ ಗೊತ್ತು. ಟ್ರ್ಯಾಕ್ಟರ್ ಓಡಿಸುವವರಿಗೆ ಕಾದ ಎಣ್ಣೆಯ ಕಮಟು ಗೊತ್ತು. ವಿಮಾನದ ತಾಂತ್ರಿಕ ಸಿಬ್ಬಂದಿ ಕೇಳಲು ಬಯಸುವ ವಿಂಗಡಣೆಯೂ ಇದೇ: ವಿದ್ಯುತ್ತಿನದೋ, ಎಣ್ಣೆಯದೋ, ರಬ್ಬರಿನದೋ, ಬಟ್ಟೆ ಕಾಗದದ್ದೋ, ತಿನಿಸಿನದೋ. ಹವಾನಿಯಂತ್ರಿತ ಕಚೇರಿಯಲ್ಲಿ ಬದುಕು ಕಳೆದವರಿಗಿಂತ ಈ ಜನರ ಮೂಗು ಹೆಚ್ಚು ಪಳಗಿದೆ. ಅವರ ಬಳಿ ಇಲ್ಲದಿರುವುದು ಕೇಳುವವರು ಮಾತ್ರ.

ಹೀಗೊಂದು ಸನ್ನಿವೇಶ ಊಹಿಸೋಣ. ಹನ್ನೆರಡನೆಯ ಸಾಲಿನ ಹಿರಿಯರೊಬ್ಬರು ಕೈ ಎತ್ತುತ್ತಾರೆ.

‘ಮೇಡಮ್ಮಾರ, ಏನೋ ಸುಟ್ಟ ವಾಸನಿ ಬರಾಕತ್ತೈತ್ರಿ.’

ಗಗನಸಖಿಗೆ ಕನ್ನಡ ಬಂದರೆ ಮುಂದಿನ ಪ್ರಶ್ನೆಗಳು ಸುಲಭ: ‘ಯಾವಾಗಿಂದ ಬರ್ತಿದೆ ಯಜಮಾನ್ರೆ? ಮೇಲಿಂದಲೋ ಕೆಳಗಿಂದಲೋ? ಎಂಥಾ ವಾಸನೆ, ವೈರಿಂದಾ, ಎಣ್ಣೇದಾ?’ ಬರದಿದ್ದರೆ ಆಕೆಗೆ ಕಾಣುವುದು ಗಾಬರಿಯಾದ ಮುದುಕ. ನೀರು ಕೊಟ್ಟು ಸಮಾಧಾನ ಮಾಡಿ ಮುಂದೆ ಹೋಗುವ ಅಪಾಯ ಅಲ್ಲಿದೆ. ಪಕ್ಕದಲ್ಲಿ ಕುಳಿತವರು ಅರ್ಥ ಹೇಳಬಲ್ಲರು, ಹೇಳಬಹುದು. ಆದರೆ ಅನುವಾದದಲ್ಲಿ ‘ಕಾಯಿಲ್ ಸುಟ್ಟ’ ಎಂಬ ವಿವರ ಉದುರಿ ‘ಏನೋ ವಾಸನೆಯಂತೆ’ ಎಂಬುದಷ್ಟೇ ಉಳಿದೀತು.

ಈ ಸೀಮೆಯ ಭಾಷೆ ಒಂದೇ ಅಲ್ಲ ಎಂಬುದನ್ನೂ ಮರೆಯಬಾರದು. 1953ರವರೆಗೆ ಮದರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿ ಆ ವರ್ಷದ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗಡಿ ಎಳೆದದ್ದರಿಂದ ನಾಲಿಗೆ ಬದಲಾಗಲಿಲ್ಲ. ಸಿರುಗುಪ್ಪದ ವಲಸಿಗರ ಕ್ಯಾಂಪುಗಳಲ್ಲಿ ತೆಲುಗು, ಬಳ್ಳಾರಿಯ ಕೌಲ್ ಬಜಾರಿನಲ್ಲಿ ಉರ್ದು, ಕುರುಗೋಡಿನ ಕಡೆ ಕನ್ನಡ, ಹೆಚ್ಚಿನವರಿಗೆ ಎರಡಾದರೂ ಬರುತ್ತವೆ. ಹಾಗಾಗಿ ಈ ಮಾರ್ಗದ ಇಬ್ಬರು ಸಿಬ್ಬಂದಿಯಲ್ಲಿ ಒಬ್ಬರಿಗಾದರೂ ಕನ್ನಡವೋ ತೆಲುಗೋ ಬಂದರೆ ಸರಪಳಿಯ ಮೊದಲ ಕೊಂಡಿ ಉಳಿಯುತ್ತದೆ. ನಿಲ್ದಾಣಗಳ ಘೋಷಣೆ ಮೊದಲು ಸ್ಥಳೀಯ ಭಾಷೆಯಲ್ಲಿ ಆಗಬೇಕೆಂದು 2018ರಲ್ಲಿ ಕೇಂದ್ರ ಸರ್ಕಾರ ಸೂಚಿಸಿತು. ಅದು ನೆಲದ ಮೇಲಿನ ಮಾತು, ಅದೂ ಒಮ್ಮುಖದ್ದು: ನಿಲ್ದಾಣ ಹೇಳುತ್ತದೆ, ಜನ ಕೇಳುತ್ತಾರೆ. ಸುರಕ್ಷತೆಗೆ ಬೇಕಾದದ್ದು ಹಿಮ್ಮುಖದ ದಾರಿ. ವಿಮಾನ ಹೊರಡುವ ಮೊದಲಿನ ಸೂಚನೆಯಲ್ಲಿ, ಸುಟ್ಟ ವಾಸನೆ ಬಂದರೆ, ಹೊಗೆ ಕಂಡರೆ, ಫೋನು ಬಿಸಿಯಾದರೆ ತಕ್ಷಣ ಗುಂಡಿ ಒತ್ತಿ ಹೇಳಿ, ಸಂಕೋಚ ಬೇಡ ಎಂಬ ಒಂದು ವಾಕ್ಯವನ್ನು ಕನ್ನಡದಲ್ಲೂ ತೆಲುಗಿನಲ್ಲೂ ಸೇರಿಸಲು ಹತ್ತು ಸೆಕೆಂಡು ಸಾಕು. ಸಿಬ್ಬಂದಿಯ ತರಬೇತಿಗೆ ಆರೇಳು ವಾಸನೆಗಳ ಹೆಸರು, ನಾಲ್ಕು ಪ್ರಶ್ನೆ ಇರುವ ಒಂದು ಚೀಟಿ ಸಾಕು.

ಸುಳ್ಳು ಎಚ್ಚರಿಕೆಗಳು ಹೆಚ್ಚಾಗುತ್ತವೆ ಎಂಬ ಆಕ್ಷೇಪಣೆಗೆ ತೂಕವಿದೆ. ಎಪ್ಪತ್ತು ಜನರಲ್ಲಿ ಇಪ್ಪತ್ತು ಜನ ಗುಂಡಿ ಒತ್ತಿದರೆ ಇಬ್ಬರು ಏನು ಮಾಡಿಯಾರು? ಆದರೆ ಒಂದೇ ಹೊತ್ತಿನಲ್ಲಿ ಇಪ್ಪತ್ತು ಸಾಕ್ಷ್ಯ ಸಿಕ್ಕರೆ ಅದೂ ಮಾಹಿತಿಯೇ: ವಾಸನೆ ಎಲ್ಲ ಕಡೆ ಇದೆ, ಅಂದರೆ ಗಾಳಿಯಲ್ಲಿದೆ. ಒಂದೇ ಸಾಲಿನ ಗುಂಡಿಗಳು ಉರಿದರೆ ಮೂಲ ಅಲ್ಲಿದೆ. ಮೂಲ ಸಿಕ್ಕದ ವಾಸನೆಗೆ ವಿಮಾನ ತಿರುಗಿಸುವುದರಿಂದ ಆಗುವ ಖರ್ಚನ್ನು ಕಂಪನಿಗಳು ಲೆಕ್ಕ ಹಾಕುತ್ತವೆ. ಆ ಲೆಕ್ಕದಲ್ಲಿ ಸ್ವಿಸ್‌ಏರ್ ಪೈಲಟ್‌ಗಳಿಗೆ ಉಳಿದಿದ್ದ 21 ನಿಮಿಷವೂ ಇರಬೇಕು. ತಿರುಗಿಸಿ ಇಳಿಸುವುದನ್ನು ಅತಿರೇಕವೆಂದು ಸಿಬ್ಬಂದಿಯ ಮೇಲೆ ಹೊರಿಸುವ ಸಂಸ್ಥೆಯಲ್ಲಿ ಮುಂದಿನ ವಾಸನೆ ವರದಿಯಾಗುವುದಿಲ್ಲ. 2024ರ ಮೇ 18ರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಬಲ ಎಂಜಿನ್ನಿನಲ್ಲಿ ಜ್ವಾಲೆ ಶಂಕಿಸಿ ಕೆಂಪೇಗೌಡ ನಿಲ್ದಾಣಕ್ಕೇ ಮರಳಿಸಿ, 179 ಪ್ರಯಾಣಿಕರನ್ನೂ ತುರ್ತಾಗಿ ಇಳಿಸಿದರು. ಶಂಕೆಯ ಮೇಲೆಯೇ ಕ್ರಮ ಕೈಗೊಂಡ ಇಂಥ ಪ್ರಸಂಗಗಳನ್ನು ತರಬೇತಿಯಲ್ಲಿ ಮಾದರಿಯಾಗಿ ಹೇಳಬೇಕು.

ಇಳಿದ ಮೇಲಿನ ಬರಹ

ವಾಸನೆಗೆ ಇನ್ನೊಂದು ತೊಂದರೆಯಿದೆ: ವಿಮಾನ ಇಳಿದು ಬಾಗಿಲು ತೆರೆದರೆ ಅದು ಹೋಗಿಬಿಡುತ್ತದೆ. ಎಂಜಿನಿಯರ್ ಬಂದು ಮೂಸಿದಾಗ ಏನೂ ಸಿಗುವುದಿಲ್ಲ. ಆಗ ಅವರ ಮುಂದೆ ಉಳಿಯುವುದು ಕ್ಯಾಬಿನ್ ದೋಷಗಳ ಪುಸ್ತಕದಲ್ಲಿ ಸಿಬ್ಬಂದಿ ಬರೆದ ಸಾಲು. ‘ಕ್ಯಾಬಿನ್ನಿನಲ್ಲಿ ವಾಸನೆ’ ಎಂದಷ್ಟೇ ಬರೆದರೆ ಎಂಜಿನಿಯರ್ ಎಂಜಿನ್ ಓಡಿಸಿ ನೋಡುತ್ತಾರೆ, ಏನೂ ಕಾಣದೆ ‘ಪರೀಕ್ಷಿಸಲಾಯಿತು, ಸರಿಯಿದೆ’ ಎಂದು ಸಹಿ ಮಾಡುತ್ತಾರೆ, ವಿಮಾನ ಮತ್ತೆ ಹಾರುತ್ತದೆ. ವಿದ್ಯಾನಗರದಂಥ ಸಣ್ಣ ನಿಲ್ದಾಣದಲ್ಲಿ ವಿಮಾನ ನಿಲ್ಲುವುದು ಅರ್ಧ ಗಂಟೆ. ಆಳವಾದ ಪರೀಕ್ಷೆ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಆಗಬೇಕು. ಅಲ್ಲಿನವರಿಗೆ ಪ್ರಯಾಣಿಕರ ಮುಖವೂ ಕಾಣುವುದಿಲ್ಲ.

ಪುಸ್ತಕದ ಆ ಸಾಲಿನಲ್ಲಿ ಬರಬೇಕಾದದ್ದು ಇಷ್ಟು: ಬಾಗಿಲು ಮುಚ್ಚಿದ ಮೇಲೆ ಎಷ್ಟು ನಿಮಿಷಕ್ಕೆ ಬಂತು, ಏರುವಾಗಲೋ, ಮಟ್ಟಸವಾಗಿ ಹಾರುವಾಗಲೋ, ಇಳಿಯುವಾಗಲೋ, ಯಾವ ಸಾಲು, ಯಾವ ಬದಿ, ಓವನ್, ದೀಪ, ಗಾಳಿಯ ತಿರುಪು ಯಾವುದನ್ನು ಮುಚ್ಚಿದಾಗ ಕಡಿಮೆಯಾಯಿತು, ನೆಲದಲ್ಲಿ ಕಾರ್ಖಾನೆಯ ಕಡೆಯಿಂದ ಗಾಳಿ ಬೀಸುತ್ತಿತ್ತೇ, ದಾರಿಯಲ್ಲಿ ಗದ್ದೆಯ ಹೊಗೆ ಕಂಡಿತೇ. ಎಂಜಿನ್ನಿನ ಶಕ್ತಿ ಹೆಚ್ಚಿಸಿದಾಗಲೆಲ್ಲ ಬಂದು ತಗ್ಗಿಸಿದಾಗ ಹೋದರೆ ಅದು ಎಣ್ಣೆಯ ಸೋರಿಕೆಯ ಗುರುತು. ಒಂದೇ ಬದಿಯ ಒಂದೇ ಸಾಲಿನಲ್ಲಿ ಕದಲದೆ ನಿಂತರೆ ವೈರಿನದಿರಬಹುದು. ಕೆಲ ನಿಮಿಷ ಬಂದು ಮಾಯವಾದರೆ ಹೊರಗಿನದಿರಬಹುದು. ಈ ವಿವರಗಳ ಜೊತೆಗೆ ಮೊದಲು ಹೇಳಿದ ಪ್ರಯಾಣಿಕರ ಮಾತನ್ನು ಅವರು ಹೇಳಿದ ಹಾಗೆಯೇ, ಅವರ ಭಾಷೆಯಲ್ಲೇ, ಸೀಟಿನ ಸಂಖ್ಯೆಯೊಂದಿಗೆ ಬರೆದಿಡಬೇಕು ಎಂಬುದು ನನ್ನ ಸಲಹೆ. ಅರ್ಥ ಆಮೇಲೆ ಹಚ್ಚಬಹುದು. ಹನ್ನೆರಡನೆಯ ಸಾಲಿನ ಹಿರಿಯರು ‘ಕಾಯಿಲ್ ಸುಟ್ಟ ವಾಸನಿ’ ಎಂದದ್ದು ಪುಸ್ತಕದಲ್ಲಿ ಇದ್ದರೆ ಹೈದರಾಬಾದಿನ ಹ್ಯಾಂಗರಿನಲ್ಲಿ ಎಂಜಿನಿಯರ್ ಎಣ್ಣೆಯ ಕವಾಟಕ್ಕೆ ಹೋಗುವ ಮೊದಲು ಆ ಸಾಲಿನ ಮೇಲಿನ ಹಲಗೆಯನ್ನು ಬಿಚ್ಚಿ, ಫ್ಯಾನಿನ ಮೋಟಾರನ್ನೂ ದೀಪದ ವೈರನ್ನೂ ನೋಡುತ್ತಾರೆ.